ಡ್ರೋನ್‌ಗೆ ಮಣ್ಣಿನ ಗೋಡೆ ಕಾಣುತ್ತಾ? ನೆರೆ, ಎಐ ಮತ್ತು ಸರ್ಕಾರದ ಬಗ್ಗೆ ಒಂದು ಚರ್ಚೆ

ಮಲಪ್ರಭಾ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದವನು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದಾಗ ನಾನಿನ್ನೂ ಕೆಲಸದಲ್ಲಿದ್ದೆ. ನೀರು ಇಳಿದ ಮೇಲೆ ಮನೆ ಹಾನಿ ಸಮೀಕ್ಷೆಗೆ ಊರೂರು ಸುತ್ತಿದವರಲ್ಲಿ ನಾನೂ ಒಬ್ಬ.

ಮೊನ್ನೆ ಒಂದು ಸಭೆಯಲ್ಲಿ ಒಬ್ಬ ಹುಡುಗ ಬಹಳ ಉತ್ಸಾಹದಿಂದ ಹೇಳಿದ. ಮುಂದೆ ನೆರೆ ಬಂದರೆ ಯಾರೂ ಮನೆಮನೆಗೆ ಹೋಗಬೇಕಿಲ್ಲ, ಡ್ರೋನ್ ಹಾರಿಸಿದರೆ ಸಾಕು, ಎಐ ಫೋಟೊ ನೋಡಿ ಯಾವ ಮನೆ ಎ, ಯಾವುದು ಬಿ, ಯಾವುದು ಸಿ ಅಂತ ಒಂದೇ ದಿನದಲ್ಲಿ ಹೇಳಿಬಿಡುತ್ತದೆ ಅಂತ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಹೊಡೆಯಲು ಆಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎ ಅಂದರೆ ಪೂರ್ತಿ ಬಿದ್ದ ಮನೆ, ಆಗ 5 ಲಕ್ಷ ರೂಪಾಯಿ. ಸಿ ಅಂದರೆ ಅಲ್ಪಸ್ವಲ್ಪ ಹಾನಿ, 50 ಸಾವಿರ. ಬಿ ಇವೆರಡರ ನಡುವಿನದು. ಒಂದು ಅಕ್ಷರದಲ್ಲಿ ಒಂದು ಕುಟುಂಬದ ಹತ್ತು ವರ್ಷ ಅಡಗಿರುತ್ತದೆ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೀರು ನಿಂತಾಗ ಬೀಳುವುದು ಕಡಿಮೆ. ನೀರು ಇಳಿದು ನಾಲ್ಕೈದು ದಿನ ಬಿಸಿಲು ಬಿದ್ದ ಮೇಲೆ ಬೀಳುತ್ತದೆ. ಗೋಡೆ ಬುಡದ ಮಣ್ಣು ಕರಗಿರುತ್ತದೆ, ಮೇಲೆ ಮಾಳಿಗೆಯ ಭಾರ ಹಾಗೇ ಇರುತ್ತದೆ. ಹೊರಗಿಂದ ನೋಡಿದರೆ ಮನೆ ಗಟ್ಟಿಯಾಗಿ ನಿಂತಿದೆ. ಒಳಗೆ ಹೋಗಿ ಬುಡಕ್ಕೆ ಕೈ ಇಟ್ಟರೆ ಬೆರಳು ಒಳಗೆ ಹೋಗುತ್ತದೆ. ಮೇಲಿಂದ ಹಾರುವ ಡ್ರೋನ್‌ಗೆ ಮಾಳಿಗೆ ಮಾತ್ರ ಕಾಣುತ್ತದೆ ಅಲ್ವಾ?

ನಾನೂ ಆ ತಪ್ಪು ಮಾಡಿದ್ದೇನೆ. ಒಬ್ಬ ಅಜ್ಜಿಯ ಮನೆಗೆ ಮೊದಲ ದಿನವೇ ಹೋಗಿ ಅವಸರದಲ್ಲಿ ಸಿ ಬರೆದೆ. ಆರನೇ ದಿನ ಹಿಂದಿನ ಗೋಡೆ ಪೂರ್ತಿ ಕುಸಿಯಿತು. ಪಟ್ಟಿ ಅಷ್ಟರಲ್ಲಿ ಮೇಲೆ ಹೋಗಿತ್ತು. ಅಜ್ಜಿ ನಮ್ಮ ಮನೆ ಬಾಗಿಲಿಗೇ ಬಂದು, ಓಣಿಯವರೆಲ್ಲ ಕೇಳುವ ಹಾಗೆ ಬೈದರು. ತಿದ್ದಿಸಲು ಎಂಟು ತಿಂಗಳು ಓಡಾಡಿದೆ. ಅವರು ಬೈಯದೇ ಇದ್ದಿದ್ದರೆ ಆ ತಪ್ಪು ಇವತ್ತಿಗೂ ಹಾಗೇ ಇರುತ್ತಿತ್ತು. ಡ್ರೋನ್ ಬಂದು ಹೋದರೆ ಅಜ್ಜಿ ಯಾರ ಮನೆ ಬಾಗಿಲಿಗೆ ಹೋಗಬೇಕು?

ನನ್ನ ಅಭಿಪ್ರಾಯ ಇಷ್ಟು. ಎಚ್ಚರಿಕೆ ಕೊಡುವುದಕ್ಕೆ ಎಐ ಬಳಸಲಿ, ಎಷ್ಟು ಬೇಕಾದರೂ ಬಳಸಲಿ. ಜನರಿಗೆ "ನಿಮಗೆ ಇಲ್ಲ" ಅನ್ನುವ ಕೆಲಸವನ್ನು ಅದಕ್ಕೆ ಕೊಡಬಾರದು. ತಿಳಿದವರು ಹೇಳಿ, ನಾನು ತಪ್ಪಿದ್ದರೆ ತಿದ್ದಿ.

ಯಲಹಂಕ ವಾಸಿ

ಸರ್, ನಾನು ಚಿತ್ರ ಗುರುತಿಸುವ ಎಐ ಪ್ರೋಗ್ರಾಂಗಳನ್ನೇ, ಅಂದರೆ ಮಾಡೆಲ್‌ಗಳನ್ನೇ, ಕಟ್ಟುವ ಕೆಲಸದಲ್ಲಿದ್ದೇನೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಅದರ ಕಾರಣ ಹೇಳುತ್ತೇನೆ.

ಕಟ್ಟಡ ಹಾನಿ ಗುರುತಿಸಲು ಜಗತ್ತಿನಲ್ಲಿ ತುಂಬಾ ಜನ ಬಳಸುವ ಒಂದು ಫೋಟೊ ಸಂಗ್ರಹ ಇದೆ, ಎಕ್ಸ್‌ಬಿಡಿ ಅಂತ. 2019ರಲ್ಲಿ ಬಂತು. ಬೇರೆ ಬೇರೆ ದೇಶಗಳ ಚಂಡಮಾರುತ, ಭೂಕಂಪ, ನೆರೆ, ಕಾಳ್ಗಿಚ್ಚಿನ ಉಪಗ್ರಹ ಚಿತ್ರಗಳು. ಸುಮಾರು 8.5 ಲಕ್ಷ ಕಟ್ಟಡ. ಅದರಲ್ಲೂ ನಾಲ್ಕು ದರ್ಜೆ ಇದೆ: ಹಾನಿ ಇಲ್ಲ, ಅಲ್ಪ, ಹೆಚ್ಚು, ಪೂರ್ತಿ ನಾಶ. ಪೂರ್ತಿ ನಾಶವಾದದ್ದನ್ನು ಯಂತ್ರ ಚೆನ್ನಾಗಿಯೇ ಹಿಡಿಯುತ್ತದೆ. ನಡುವಿನ ಎರಡು ದರ್ಜೆಯಲ್ಲಿ ಅದು ಎಡವುವುದು ಜಾಸ್ತಿ. ನಿಮ್ಮ ಬಿ ಮತ್ತು ಸಿ ಇರುವುದು ಅಲ್ಲೇ. ಚಿತ್ರ ಮೇಲಿಂದ ತೆಗೆದದ್ದು, ಹಾಗಾಗಿ ಗೋಡೆಯ ಬುಡ ಅದರ ಲೆಕ್ಕದಲ್ಲೇ ಇಲ್ಲ.

ಇನ್ನೊಂದು ವಿಷಯ. "ನಮ್ಮ ಮಾಡೆಲ್ ನೂರರಲ್ಲಿ ತೊಂಬತ್ತೈದು ಸರಿ ಹೇಳುತ್ತದೆ" ಅಂತ ಯಾರಾದರೂ ಹೇಳಿದರೆ, ಉಳಿದ ಐದು ಯಾರದ್ದು ಅಂತ ಕೇಳಿ. ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಆರ್‌ಸಿಸಿ ಮನೆ, ತಗಡಿನ ಮನೆ ಕಲಿತ ಮಾಡೆಲ್‌ಗೆ ಮಣ್ಣಿನ ಮನೆ ಬಂದಾಗ ಗೊಂದಲ. ಆ ಐದೂ ಒಂದೇ ಕೇರಿಯವು ಆಗಿರಬಹುದು. ಒಟ್ಟು ಅಂಕದಲ್ಲಿ ಅದು ಕಾಣುವುದಿಲ್ಲ.

ಆದರೆ ಎಚ್ಚರಿಕೆ ವಿಷಯದಲ್ಲಿ ಕೆಲಸ ನಿಜವಾಗಿಯೂ ಮುಂದೆ ಹೋಗಿದೆ. ಗೂಗಲ್‌ನವರು ಕೇಂದ್ರ ಜಲ ಆಯೋಗದ ಜೊತೆ ಸೇರಿ 2018ರಲ್ಲಿ ಪಟ್ನಾದಲ್ಲಿ ನೆರೆ ಮುನ್ಸೂಚನೆ ಶುರು ಮಾಡಿದರು. 2024ರ ಮಾರ್ಚ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಪ್ರಕಾರ, ಅಳತೆ ಕೇಂದ್ರವೇ ಇಲ್ಲದ ನದಿಗಳಲ್ಲೂ ಅವರ ಎಐ ಐದು ದಿನ ಮೊದಲು ಹೇಳುವ ಮಾತು, ಹಳೆಯ ಜಾಗತಿಕ ವ್ಯವಸ್ಥೆ ಅದೇ ದಿನ ಹೇಳುವಷ್ಟು ನಂಬಬಹುದಾದದ್ದು. ಐದು ದಿನ ಅಂದರೆ ದನಕರು, ಕಾಳುಕಡಿ ಎಲ್ಲ ಸಾಗಿಸಬಹುದು.

ಮಲಪ್ರಭಾ ದಂಡೆ

ಬಹಳ ಉಪಕಾರ. ಒಂದು ಸಂಶಯ. ನಮ್ಮಲ್ಲಿ ನೆರೆ ಬರುವುದು ಮಳೆಯಿಂದ ಮಾತ್ರ ಅಲ್ಲವಲ್ಲ. ನವಿಲುತೀರ್ಥ ಡ್ಯಾಂನಿಂದ ಎಷ್ಟು ಬಿಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಅದು ಯಂತ್ರಕ್ಕೆ ಗೊತ್ತಾಗುತ್ತಾ?

ಯಲಹಂಕ ವಾಸಿ

ಒಳ್ಳೆಯ ಪ್ರಶ್ನೆ ಸರ್. ಗೇಟ್ ಎತ್ತುವುದು ಮನುಷ್ಯರ ತೀರ್ಮಾನ. ಆ ಮಾಹಿತಿ ಹೊತ್ತಿಗೆ ಸರಿಯಾಗಿ ಮಾಡೆಲ್‌ಗೆ ಸಿಗದಿದ್ದರೆ ಅದು ಮಳೆ ನೋಡಿ ಊಹೆ ಮಾಡುತ್ತದೆ, ಅಷ್ಟೇ. ಡ್ಯಾಂ ಕೆಳಗಿನ ಊರುಗಳಿಗೆ ಎಐಗಿಂತ ಮೊದಲು ಬೇಕಾದದ್ದು ಗೇಟ್ ತೆಗೆಯುವ ಸುದ್ದಿ.

ಕೃಷ್ಣಾ ತೀರ

ತಲಾಟಿ ಸಾಹೇಬ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಎದುರು ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಜಮಖಂಡಿ ಕಡೆ. ನಮ್ಮ ನೆರೆಯ ಕಥೆ ಬೇರೆ, ಮಳೆ ಮಹಾರಾಷ್ಟ್ರದ್ದು. ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬಂತು ಅಂತ ದಿನಾ ಟಿವಿ ಮುಂದೆ ಕುಳಿತು ನೋಡುವವರು ನಾವು. 2019ರಲ್ಲಿ ನಮ್ಮ ಮನೆಯೂ ಹೋಯಿತು. ಸಮೀಕ್ಷೆಗೆ ಬಂದವರು ನಮ್ಮ ಓಣಿಗೆ ಕಾಲಿಡಲೇ ಇಲ್ಲ. ಊರ ದೊಡ್ಡವರ ಕಟ್ಟೆ ಮೇಲೆ ಕುಳಿತು, ಚಹಾ ಕುಡಿದು, ಅವರು ಹೇಳಿದ ಹಾಗೆ ಬರೆದುಕೊಂಡು ಹೋದರು. ಗೋಡೆ ಬಿರುಕು ಬಿಟ್ಟಿರದ ಮನೆಗೆ ಎ ಬಂತು. ನಮಗೆ ಸಿ. ಯಾಕೆ ಅಂತ ಕೇಳಿದರೆ ಒಬ್ಬರೂ ಉತ್ತರ ಕೊಡಲಿಲ್ಲ.

ಮನುಷ್ಯರು ಒಳ್ಳೆಯವರು, ಯಂತ್ರ ಕೆಟ್ಟದ್ದು ಅಂತ ನೀವು ಹೇಳಿದರೆ ನಾನು ಒಪ್ಪುವುದಿಲ್ಲ. ಡ್ರೋನ್ ಜಾತಿ ಕೇಳುವುದಿಲ್ಲ. ಚಹಾ ಕುಡಿಯುವುದಿಲ್ಲ. ನಮ್ಮ ಓಣಿಯ ಮೇಲೂ ಹಾರುತ್ತದೆ. ನನಗೆ ಅಷ್ಟು ಸಾಕು ಅನ್ನಿಸುತ್ತದೆ.

ಮಲಪ್ರಭಾ ದಂಡೆ

ಅಣ್ಣಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕುಳಿತುಬಿಟ್ಟೆ. ನೀವು ಹೇಳಿದಂಥದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಿಮ್ಮ ಮಾತಿನಿಂದ ನನ್ನ ವಾದದಲ್ಲಿ ಒಂದು ತೂತು ಕಾಣಿಸಿತು. ಡ್ರೋನ್ ಫೋಟೊ ಇದ್ದಿದ್ದರೆ ನಿಮ್ಮ ಕೈಯಲ್ಲಿ ಒಂದು ಸಾಕ್ಷಿ ಇರುತ್ತಿತ್ತು. ಕಟ್ಟೆ ಮೇಲೆ ಕುಳಿತು ಬರೆದವರನ್ನು ನೀವು ಪ್ರಶ್ನೆ ಮಾಡಬಹುದಿತ್ತು. ಇದನ್ನು ನಾನು ಯೋಚಿಸಿರಲಿಲ್ಲ.

ಹೈದರಾಬಾದ್ ಕನ್ನಡತಿ

ನಾನು ಹದಿನೈದು ವರ್ಷದಿಂದ ಹೈದರಾಬಾದ್‌ನಲ್ಲಿದ್ದೇನೆ. "ಯಂತ್ರ ಜಾತಿ ಕೇಳುವುದಿಲ್ಲ" ಅನ್ನುವ ಅಣ್ಣನವರಿಗೆ ಇಲ್ಲಿ ಆದದ್ದನ್ನು ಹೇಳಬೇಕು.

ತೆಲಂಗಾಣದಲ್ಲಿ ಸಮಗ್ರ ವೇದಿಕ ಅಂತ ಒಂದು ವ್ಯವಸ್ಥೆ ಇದೆ. ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಒಟ್ಟು ಸೇರಿಸಿ, ಹೆಸರು, ವಿಳಾಸ ಹೋಲಿಸಿ, ಯಾರ ಹತ್ತಿರ ಕಾರು ಇದೆ, ಯಾರ ಹತ್ತಿರ ಜಮೀನು ಇದೆ ಅಂತ ಹೇಳುತ್ತದೆ. ಇದನ್ನು ನೋಡಿ ಪಡಿತರ ಚೀಟಿ ಕೊಡುವುದು, ಬಿಡುವುದು. 2024ರ ಜನವರಿಯಲ್ಲಿ ಅಲ್ ಜಜೀರಾದಲ್ಲಿ ಒಂದು ತನಿಖಾ ವರದಿ ಬಂತು. ಸೈಕಲ್ ರಿಕ್ಷಾ ತುಳಿಯುತ್ತಿದ್ದ ಒಬ್ಬರ ಹೆಂಡತಿಗೆ ಪಡಿತರ ಸಿಗಲಿಲ್ಲ. ಕಂಪ್ಯೂಟರ್ ಪ್ರಕಾರ ಅವರ ಗಂಡನಿಗೆ ಕಾರು ಇತ್ತು. ಹೆಸರು ಹೋಲುವ ಬೇರೆ ಯಾರದ್ದೋ ಕಾರು ಅದು. ಗಂಡ ತೀರಿಹೋಗಿದ್ದರು. ಆ ತಾಯಿ ಕಾರು ಇಲ್ಲ ಅಂತ ಸಾಬೀತು ಮಾಡಲು ವರ್ಷಗಟ್ಟಲೆ ಅಲೆದರು.

ಅದಕ್ಕೂ ಮೊದಲು ಇಲ್ಲಿ ಸುಮಾರು 19 ಲಕ್ಷ ಕಾರ್ಡ್ ರದ್ದಾಗಿದ್ದವು. ಮನೆಗೆ ಹೋಗಿ ನೋಡದೆ ರದ್ದು ಮಾಡಿದ್ದು ಸರಿಯಲ್ಲ ಅಂತ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟ್ ಮತ್ತೆ ಪರಿಶೀಲಿಸಿ ಅಂತ ಹೇಳಿತು. ಆಗ ಸಾವಿರಾರು ಕುಟುಂಬಗಳು ಅರ್ಹರು ಅಂತ ಗೊತ್ತಾಯಿತು. ಅಷ್ಟು ವರ್ಷ ಅವರು ಏನು ತಿಂದರು?

ಯಂತ್ರ ಜಾತಿ ಕೇಳುವುದಿಲ್ಲ, ನಿಜ. ಆದರೆ ಹೆಸರಿನ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುವುದು ಬಡವರದ್ದೇ. ಮೂರು ಸಲ ಮನೆ ಬದಲಿಸಿ ವಿಳಾಸ ಹೊಂದದೇ ಇರುವುದೂ ಅವರದ್ದೇ. ಕೇಳದೇ ಇದ್ದರೂ ಪೆಟ್ಟು ಅಲ್ಲೇ ಬೀಳುತ್ತದೆ.

ಪಂಚಾಯಿತಿ ಕಡೆಯವ

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗಲಾಟೆ ಆಯಿತಲ್ಲ, ಅದೇ ನೆನಪಾಯಿತು. ಅದು ಎಐ ಅಲ್ಲ, ದಾಖಲೆ ಹೋಲಿಕೆ. ಕೊನೆಗೆ ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂತ ಸರ್ಕಾರವೇ ಹೇಳಬೇಕಾಯಿತು. ಆ ವಾರ ನಮ್ಮ ಕಚೇರಿ ಮುಂದೆ ನಿಂತ ಸಾಲು ಈಗಲೂ ಕಣ್ಣ ಮುಂದಿದೆ. ಕೌಂಟರ್‌ನಲ್ಲಿದ್ದ ನಮಗೂ ಕಾರಣ ಗೊತ್ತಿರಲಿಲ್ಲ. ಪರದೆ ಮೇಲೆ "ಅನರ್ಹ" ಅಂತ ಬರುತ್ತಿತ್ತು. ಯಾಕೆ ಅಂತ ಬರುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ನೋಡಲು ಆಗುತ್ತಿರಲಿಲ್ಲ.

ಇನ್ನು ಹರಿಯಾಣದಲ್ಲಿ 102 ವರ್ಷದ ಅಜ್ಜನನ್ನು ದಾಖಲೆಯಲ್ಲಿ ಸತ್ತವರು ಅಂತ ಮಾಡಿ ಪಿಂಚಣಿ ನಿಲ್ಲಿಸಿದ್ದರು. 2022ರಲ್ಲಿ ಅವರು ರೋಹ್ತಕ್‌ನಲ್ಲಿ ಮದುವೆ ಗಂಡಿನ ಹಾಗೆ ಮೆರವಣಿಗೆ ಹೊರಟು "ನಾನು ಬದುಕಿದ್ದೇನೆ" ಅಂತ ತೋರಿಸಬೇಕಾಯಿತು. ಕೇಳಿದವರು ನಕ್ಕರು. ನನಗೆ ನಗು ಬರಲಿಲ್ಲ.

ಹೇಗ್‌ನಿಂದ

ಇದು ಬಡ ದೇಶಗಳ ಸಮಸ್ಯೆ, ದಾಖಲೆ ಸರಿ ಇದ್ದರೆ ಎಲ್ಲ ಸರಿ ಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸಿದರೆ ಇದನ್ನು ಓದಿ. ನಾನಿರುವುದು ನೆದರ್ಲೆಂಡ್ಸ್‌ನಲ್ಲಿ. ಇಲ್ಲಿನ ದಾಖಲೆಗಳು ಬಹಳ ಅಚ್ಚುಕಟ್ಟು.

ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರ ಹಣ ಕೊಡುತ್ತದೆ. ಯಾರು ಮೋಸ ಮಾಡುತ್ತಿರಬಹುದು ಅಂತ ಗುರುತಿಸಲು ತೆರಿಗೆ ಇಲಾಖೆ ಒಂದು ಮಾಡೆಲ್ ಬಳಸಿತು. ಅದರಲ್ಲಿ ಡಚ್ ಪೌರತ್ವ ಇದೆಯೋ ಇಲ್ಲವೋ ಅನ್ನುವುದೂ ಒಂದು ಅಂಶವಾಗಿತ್ತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋದ ತಾಯಂದಿರಿಗೂ ಹತ್ತಾರು ಸಾವಿರ ಯೂರೋ ವಾಪಸ್ ಕಟ್ಟಿ ಅಂತ ನೋಟಿಸ್ ಹೋಯಿತು. ಸಾವಿರಾರು ಕುಟುಂಬ ಸಾಲದಲ್ಲಿ ಮುಳುಗಿದವು, ಮನೆ ಮಾರಿದವು, ಸಂಸಾರ ಒಡೆದವು. 2021ರ ಜನವರಿ 15ರಂದು ಇಡೀ ಮಂತ್ರಿಮಂಡಲ ಇದೇ ಕಾರಣಕ್ಕೆ ರಾಜೀನಾಮೆ ಕೊಟ್ಟಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಯ ಅಕ್ಕ ಇದರಲ್ಲಿ ಸಿಕ್ಕಿಕೊಂಡಿದ್ದರು. ಮಂತ್ರಿಗಳು ಹೋದರು, ಅಕ್ಕನ ಹತ್ತು ವರ್ಷ ವಾಪಸ್ ಬರಲಿಲ್ಲ.

ಆ ಪೆಟ್ಟಿನ ಮೇಲೆ ಇಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಒಂದು ಬಹಿರಂಗ ದಾಖಲೆ ಪುಸ್ತಕ ತೆರೆಯಿತು. ಯಾವ ಇಲಾಖೆ ಯಾವ ಅಲ್ಗಾರಿದಮ್ (ಕಂಪ್ಯೂಟರ್ ತೀರ್ಮಾನಕ್ಕೆ ಬರುವ ಲೆಕ್ಕದ ಕ್ರಮ) ಬಳಸುತ್ತಿದೆ, ಯಾತಕ್ಕೆ, ಯಾವ ಮಾಹಿತಿ ಇಟ್ಟುಕೊಂಡು ಅಂತ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ಇನ್ನೂ ಎಲ್ಲವೂ ಅದರಲ್ಲಿ ಸೇರಿಲ್ಲ. ಆದರೂ ಇಂಥದ್ದೊಂದು ಕನ್ನಡದಲ್ಲಿ ಇದ್ದರೆ ಎಷ್ಟು ಚೆನ್ನಾಗಿರುತ್ತದೆ.

ಕಾಫಿ ತೋಟ

ಎಲ್ಲರೂ "ಎಚ್ಚರಿಕೆಗೆ ಎಐ ಬಳಸಲಿ, ಅದರಲ್ಲಿ ತೊಂದರೆ ಇಲ್ಲ" ಅನ್ನುತ್ತಿದ್ದೀರಿ. ನಾನು ಮಡಿಕೇರಿ ತಾಲ್ಲೂಕಿನವನು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಇಳಿದದ್ದನ್ನು ನೋಡಿದವನು. ಆ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ವಯನಾಡಿನ ವಿಷಯ ನೋಡಿ. 2024ರ ಜುಲೈ 30ರ ನಡುರಾತ್ರಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಆಮೇಲೆ ಕೇಂದ್ರ "ಮೊದಲೇ ಎಚ್ಚರಿಸಿದ್ದೆವು" ಅಂದಿತು. ಕೇರಳದ ಮುಖ್ಯಮಂತ್ರಿ, ಭೂವೈಜ್ಞಾನಿಕ ಸರ್ವೇಕ್ಷಣೆಯ ಆ ದಿನದ ಭೂಕುಸಿತ ಸೂಚನೆ ಹಸಿರು ಬಣ್ಣದಲ್ಲಿತ್ತು ಅಂದರು. ಯಾರದ್ದು ಸರಿ ಅನ್ನುವ ಜಗಳ ಬೇಡ. ಹಸಿರು ಬಣ್ಣ ನೋಡಿದ ಅಧಿಕಾರಿ ಏನು ಮಾಡುತ್ತಾರೆ ಹೇಳಿ. ಮಲಗುತ್ತಾರೆ. ತಪ್ಪಾದ "ಭಯ ಇಲ್ಲ" ಅನ್ನುವುದು ಎಚ್ಚರಿಕೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಅದೇ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಣ್ಣ ಸಂಸ್ಥೆ ಇದೆ. ಊರವರ ಜೊತೆ ಸೇರಿ ಜಿಲ್ಲೆಯಲ್ಲೆಲ್ಲ ಮಳೆ ಮಾಪಕ ಇಟ್ಟಿದೆ. ಅವರು ಹಿಂದಿನ ದಿನವೇ ಮಳೆ ಲೆಕ್ಕ ನೋಡಿ ಜಿಲ್ಲಾಡಳಿತಕ್ಕೆ ಅಪಾಯ ಇದೆ ಅಂತ ತಿಳಿಸಿದ್ದರು. ಒಂದು ಬೆಟ್ಟದಲ್ಲಿ ಬೀಳುವ ಮಳೆ ಪಕ್ಕದ ಬೆಟ್ಟದಲ್ಲಿ ಬೀಳುವುದಿಲ್ಲ. ಇದು ನಮಗೆ ಅಜ್ಜಂದಿರ ಕಾಲದಿಂದ ಗೊತ್ತು. ನಮ್ಮ ತೋಟಗಳಲ್ಲಿ ಈಗಲೂ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತೇವೆ. ನಮ್ಮ ಮನೆಯಲ್ಲಿ ಅರವತ್ತು ವರ್ಷದ ಪುಸ್ತಕಗಳಿವೆ. ಯಾವ ಮಾಡೆಲ್ ಕಟ್ಟುವವರೂ ಇವತ್ತಿನವರೆಗೆ ಬಂದು ಅದನ್ನು ಕೇಳಿಲ್ಲ.

ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. 1988ರಲ್ಲಿ ಬರ ಉಸ್ತುವಾರಿಗೆ ಅಂತ ಶುರುವಾದದ್ದು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಫೋನ್ ಮಾಡಿದರೆ ವರುಣಮಿತ್ರದಲ್ಲಿ ಕನ್ನಡದಲ್ಲಿ ಮಾತಾಡಿ ಹೇಳುತ್ತಾರೆ. ಇಂಥ ಅಡಿಪಾಯ ಇರುವ ರಾಜ್ಯಗಳು ಕಡಿಮೆ. ಇದರ ಮೇಲೆ ಎಐ ಕಟ್ಟಲಿ, ನನ್ನ ವಿರೋಧ ಇಲ್ಲ. ಆದರೆ ಮಾಪಕ ಕೆಟ್ಟರೆ ಎರಡು ದಿನದಲ್ಲಿ ಸರಿ ಮಾಡುವ ಒಬ್ಬ ಮನುಷ್ಯನಿಗೆ ಸಂಬಳ ಕೊಡುವುದನ್ನು ಮರೆಯಬಾರದು.

ಮಲ್ಪೆ ಮನೆ

ನಮ್ಮದು ಮೀನುಗಾರಿಕೆ. ಸುಳ್ಳು ಎಚ್ಚರಿಕೆಯ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಹೇಗೂ ರಜೆ. ಉಳಿದ ತಿಂಗಳಲ್ಲಿ "ಕಡಲಿಗೆ ಇಳಿಯಬೇಡಿ" ಅಂತ ಸಂದೇಶ ಬಂದರೆ ದೋಣಿ ನಿಲ್ಲುತ್ತದೆ. ನಿಂತ ದಿನ ಐಸ್ ಕರಗುತ್ತದೆ, ಕೆಲಸದವರಿಗೆ ಊಟ ಹಾಕಬೇಕು, ಬಡ್ಡಿ ನಿಲ್ಲುವುದಿಲ್ಲ. ಮೂರು ಸಲ ಗಾಳಿ ಬರದಿದ್ದರೆ ನಾಲ್ಕನೇ ಸಲ ಹುಡುಗರು ಕೇಳುವುದಿಲ್ಲ. ನಾಲ್ಕನೇ ಸಲವೇ ತೌಕ್ತೆ ಬಂದರೆ? ಆ ಚಂಡಮಾರುತ 2021ರ ಮೇ ತಿಂಗಳಲ್ಲಿ ಬಂದಾಗ ನಮ್ಮ ತೀರ ಏನಾಯಿತು ಅಂತ ನೋಡಿದ್ದೇವೆ. 2017ರ ಒಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನವರಿಗೆ ಎಚ್ಚರಿಕೆ ಬರುವಷ್ಟರಲ್ಲಿ ದೋಣಿಗಳು ಆಳ ಕಡಲಿನಲ್ಲಿದ್ದವು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಎಷ್ಟೇ ಬುದ್ಧಿವಂತ ಎಐ ಇದ್ದರೂ ಸಂದೇಶ ತಲುಪದಿದ್ದರೆ ಏನು ಉಪಯೋಗ?

ಟರ್ಕಿಯಲ್ಲಿ 2023ರ ಫೆಬ್ರುವರಿ ಭೂಕಂಪದ ದಿನ ಆಂಡ್ರಾಯ್ಡ್ ಫೋನ್‌ಗಳ ಎಚ್ಚರಿಕೆ ವ್ಯವಸ್ಥೆ ಕಂಪನವನ್ನು ಬಹಳ ಸಣ್ಣದು ಅಂತ ಅಂದಾಜು ಮಾಡಿತಂತೆ. ಒಂದು ಕೋಟಿ ಜನರಿಗೆ ಹೋಗಬಹುದಾಗಿದ್ದ ದೊಡ್ಡ ಮಟ್ಟದ ಎಚ್ಚರಿಕೆ ಹೋದದ್ದು 469 ಫೋನ್‌ಗೆ. ಅದನ್ನು ನಡೆಸುವ ಗೂಗಲ್ ಕಂಪನಿ ಇದನ್ನು ಒಪ್ಪಿಕೊಂಡದ್ದು 2025ರಲ್ಲಿ. ತಪ್ಪಾಗುವುದು ಸಹಜ. ಎರಡೂವರೆ ವರ್ಷ ಹೇಳದೇ ಇರುವುದು ಸಹಜ ಅಲ್ಲ.

ನನ್ನ ಕೋರಿಕೆ ಒಂದೇ. ಎಚ್ಚರಿಕೆ ಸುಳ್ಳಾದರೆ ಮಾರನೇ ದಿನ ಬಂದರಿಗೆ ಬಂದು "ಸುಳ್ಳಾಯಿತು, ಇದು ಕಾರಣ" ಅಂತ ಒಬ್ಬರು ಹೇಳಲಿ. ಅಷ್ಟು ಹೇಳಿದರೆ ನಾವು ಮುಂದಿನ ಸಲವೂ ನಂಬುತ್ತೇವೆ.

ಕರೆ ತೆಗೆದವಳು

ನಾನು ಆರು ವರ್ಷ ತುರ್ತು ಕರೆ ತೆಗೆದುಕೊಳ್ಳುವ ಕೆಲಸ ಮಾಡಿದವಳು. ಎಲ್ಲಿ ಅಂತ ಹೇಳುವುದು ಬೇಡ. ಈಗ ಕರೆಗಳನ್ನೂ ಎಐ ಕೇಳಿಸಿಕೊಂಡು ಯಾವುದು ಗಂಭೀರ, ಯಾವುದು ಕಾಯಬಹುದು ಅಂತ ವಿಂಗಡಿಸುತ್ತದೆ ಅನ್ನುವ ಮಾತು ಕೇಳುತ್ತಿದೆ. ಅದಕ್ಕೆ ಈ ಚರ್ಚೆಗೆ ಬಂದೆ.

ಕರೆ ಮಾಡುವವರು ಪುಸ್ತಕದ ಕನ್ನಡದಲ್ಲಿ ಮಾತಾಡುವುದಿಲ್ಲ. "ಹನುಮಪ್ಪನ ಗುಡಿ ಹಿಂದ, ಬೇವಿನ ಗಿಡದ ಹತ್ರ" ಅನ್ನುತ್ತಾರೆ. ಕುಂದಾಪುರದವರ ಮಾತು ಕಲಬುರಗಿಯವಳಾದ ನನಗೇ ಮೊದಲು ತಿಳಿಯುತ್ತಿರಲಿಲ್ಲ. ಹೆರಿಗೆ ನೋವನ್ನು "ಹೊಟ್ಟಿ ನೋವು" ಅಂತಷ್ಟೇ ಹೇಳುವ ಅತ್ತೆಯರು ಇದ್ದಾರೆ, ಗಂಡಸರ ಮುಂದೆ ಹೇಳಲು ಸಂಕೋಚ. ಕಿರುಚುವವರ ಕರೆ ಎಲ್ಲ ಗಂಭೀರ ಇರುವುದಿಲ್ಲ. ಒಂದು ರಾತ್ರಿ ಒಬ್ಬಳು ಫೋನ್ ಮಾಡಿ "ಪಿಜ್ಜಾ ಅಂಗಡಿಯಾ?" ಅಂದಳು. ಧ್ವನಿ ನಡುಗುತ್ತಿತ್ತು. ಪಕ್ಕದಲ್ಲಿ ಗಂಡ ಇದ್ದ. ನಾನು "ಹೌದು" ಅಂದೆ, ಹೌದು ಇಲ್ಲ ಅನ್ನುವ ಪ್ರಶ್ನೆ ಕೇಳುತ್ತಾ ವಿಳಾಸ ತೆಗೆದುಕೊಂಡೆ. ಯಂತ್ರ ಆ ಕರೆಯನ್ನು ರಾಂಗ್ ನಂಬರ್ ಅಂತ ಕತ್ತರಿಸುತ್ತಿತ್ತೋ ಏನೋ.

ಹಾಗಂತ ಬೇಡವೇ ಬೇಡ ಅಂತ ಹೇಳುವುದಿಲ್ಲ. ಕೋಪನ್‌ಹೇಗನ್‌ನಲ್ಲಿ ತುರ್ತು ಕರೆ ಕೇಳಿ ಹೃದಯ ಸ್ತಂಭನ ಗುರುತಿಸುವ ಒಂದು ಮಾಡೆಲ್ ಪ್ರಯೋಗ ಮಾಡಿದರು. ಅದು ಸಿಬ್ಬಂದಿಗಿಂತ ಹೆಚ್ಚು ಕೇಸ್ ಹಿಡಿಯಿತು. ಆದರೆ 2021ರಲ್ಲಿ ಬಂದ ಅಧ್ಯಯನದಲ್ಲಿ, ಆ ಎಚ್ಚರಿಕೆಯನ್ನು ಸಿಬ್ಬಂದಿಯ ಪರದೆಗೆ ಕೊಟ್ಟಾಗ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಯಾಕಿರಬಹುದು ಅಂತ ನನಗೆ ಊಹೆ ಇದೆ. ಒಂದು ಕಿವಿಯಲ್ಲಿ ಅಳುವ ಮಗ, ಕಣ್ಣ ಮುಂದೆ ಮಿನುಗುವ ಕೆಂಪು ಚೌಕ. ಯಾವುದನ್ನು ನಂಬುವುದು ಅಂತ ಯಾರೂ ಕಲಿಸಿರುವುದಿಲ್ಲ. ಯಂತ್ರ ತರುವ ದುಡ್ಡಿನಲ್ಲಿ ಸ್ವಲ್ಪ ನಮ್ಮ ತರಬೇತಿಗೂ ಇಡಿ. ರಾತ್ರಿ ಪಾಳಿಗೆ ಇನ್ನೂ ಇಬ್ಬರನ್ನು ಕೊಡಿ.

ಧಾರವಾಡ ವಕೀಲೆ

ಅಕ್ಕಾ, ನಿಮ್ಮ ಪಿಜ್ಜಾ ಕರೆ ಓದಿ ಕಣ್ಣು ತುಂಬಿತು. ಯುರೋಪಿನ ಹೊಸ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರಲ್ಲಿ ತುರ್ತು ಕರೆಗಳನ್ನು ವಿಂಗಡಿಸುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಹಾಕಿದ್ದಾರೆ. ಸರ್ಕಾರಿ ನೆರವಿಗೆ ಯಾರು ಅರ್ಹರು ಅಂತ ತೀರ್ಮಾನಿಸುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ಮನುಷ್ಯರ ಮೇಲ್ವಿಚಾರಣೆ ಕಡ್ಡಾಯ.

ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ 17ನೇ ಸೆಕ್ಷನ್ ಸರ್ಕಾರಕ್ಕೆ ದೊಡ್ಡ ವಿನಾಯಿತಿಗಳನ್ನು ಕೊಟ್ಟಿದೆ. ಇದು ನನ್ನ ದೊಡ್ಡ ಚಿಂತೆ. ಆದರೆ ಕೈ ಕಟ್ಟಿ ಕುಳಿತುಕೊಳ್ಳಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4(1)(ಡಿ) ನೋಡಿ. ಸರ್ಕಾರಿ ಕಚೇರಿ ತನ್ನ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ಕೊಡಬೇಕು ಅಂತ ಅಲ್ಲಿ ಬರೆದಿದೆ. "ಕಂಪ್ಯೂಟರ್ ಹೇಳಿತು" ಅನ್ನುವುದು ಕಾರಣ ಅಲ್ಲ. 2011ರ ನಮ್ಮ ಸಕಾಲ ಕಾಯ್ದೆಯಲ್ಲಿ ಇಷ್ಟು ದಿನದೊಳಗೆ ಸೇವೆ, ಸಿಗದಿದ್ದರೆ ಮೇಲ್ಮನವಿ ಅನ್ನುವ ದಾರಿ ಇದೆ. ಮನೆ ಹಾನಿ ಸಮೀಕ್ಷೆಗೂ ಅಂಥದ್ದೇ ದಾರಿ ಕೇಳಬಹುದು.

ಸರ್, ನಿಮ್ಮ "ಎಚ್ಚರಿಕೆ ಸರಿ, ನಿರಾಕರಣೆ ಬೇಡ" ಅನ್ನುವ ಗೆರೆ ನನಗೆ ಇಷ್ಟವಾಯಿತು. ಆದರೆ ಕೃಷ್ಣಾ ತೀರದ ಅಣ್ಣನವರಿಗೆ "ಇಲ್ಲ" ಅಂದದ್ದು ಮನುಷ್ಯರೇ. ಗೆರೆಯನ್ನು ಸ್ವಲ್ಪ ಆಚೆ ಎಳೆಯೋಣ. "ಇಲ್ಲ" ಅನ್ನುವವರು ಯಾರೇ ಆಗಲಿ, ಕಾರಣ ಬರೆಯಬೇಕು, ಹೆಸರು ಹಾಕಿ ಸಹಿ ಮಾಡಬೇಕು.

ಕೃಷ್ಣಾ ತೀರ

ಇದನ್ನು ಒಪ್ಪುತ್ತೇನೆ ಮೇಡಂ. ಸಹಿ ಇದ್ದರೆ ಕಟ್ಟೆ ಮೇಲೆ ಕುಳಿತು ಬರೆಯಲು ಕೈ ನಡುಗುತ್ತದೆ. ಆದರೆ ಡ್ರೋನ್ ಫೋಟೊ ನನಗೂ ಸಿಗಬೇಕು. ಕಚೇರಿಯಲ್ಲಿ ಬೀಗ ಹಾಕಿ ಇಟ್ಟುಕೊಂಡರೆ ನಮಗೆ ಪ್ರಯೋಜನ ಇಲ್ಲ.

ಯಲಹಂಕ ವಾಸಿ

ಅದು ತಾಂತ್ರಿಕವಾಗಿ ಏನೂ ಕಷ್ಟ ಅಲ್ಲ. ಬೆಳೆ ಸಮೀಕ್ಷೆ ಆಪ್‌ನಲ್ಲಿ ರೈತರೇ ಈಗ ತಮ್ಮ ಹೊಲದ ಫೋಟೊ ಹಾಕುತ್ತಾರಲ್ಲ. ಮನೆಗೂ ಹಾಗೇ ಮಾಡಬಹುದು. ಡ್ರೋನ್ ಮೇಲಿಂದ, ಮನೆಯವರು ಒಳಗಿಂದ. ಎರಡೂ ಹೊಂದದಿದ್ದರೆ ಮನುಷ್ಯರು ಹೋಗಲೇಬೇಕು ಅಂತ ನಿಯಮ ಇಡಬೇಕು. ಮಾಡೆಲ್ ಎ ಅಂದರೆ ತಕ್ಷಣ ಮೊದಲ ಕಂತು ಹಣ ಹೋಗಲಿ. ಸಿ ಅಥವಾ "ಹಾನಿ ಇಲ್ಲ" ಅಂದರೆ ಅದನ್ನು ಬರೀ ಸಲಹೆ ಅಂತ ಇಟ್ಟುಕೊಳ್ಳಲಿ. ಹಣ ಕೊಡುವಾಗ ವೇಗ, ಹಣ ತಡೆಯುವಾಗ ನಿಧಾನ.

ಮಲಪ್ರಭಾ ದಂಡೆ

ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ಮುಂದಿನ ವಾರ ನಮ್ಮೂರಲ್ಲಿ ಗ್ರಾಮ ಸಭೆ ಇದೆ. ಒಂದು ಮನವಿ ಬರೆದಿದ್ದೇನೆ, ನೋಡಿ ತಿದ್ದಿ:

"ನಮ್ಮೂರಿನ ಮನೆ ಹಾನಿ ಸಮೀಕ್ಷೆಗೆ ಡ್ರೋನ್ ಅಥವಾ ಎಐ ಬಳಸುವುದಾದರೆ ಮೊದಲು ಗ್ರಾಮ ಸಭೆಗೆ ತಿಳಿಸಬೇಕು. ಮಣ್ಣಿನ ಮನೆಗಳನ್ನು ನೀರು ಇಳಿದ ದಿನ ಒಮ್ಮೆ, ಹತ್ತು ದಿನ ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ನೋಡಬೇಕು. ಎರಡನೇ ಸಲ ಒಳಗೆ ಬಂದು ಗೋಡೆ ಬುಡ ಮುಟ್ಟಿ ನೋಡಬೇಕು. ತೆಗೆದ ಫೋಟೊ, ಕೊಟ್ಟ ದರ್ಜೆ, ಅದರ ಕಾರಣ ಮನೆಯವರ ಕೈಗೆ ಬರೆದು ಕೊಡಬೇಕು. ಅದರ ಕೆಳಗೆ ಒಬ್ಬ ಅಧಿಕಾರಿಯ ಹೆಸರು, ಸಹಿ, ಫೋನ್ ನಂಬರ್ ಇರಬೇಕು. ಪಟ್ಟಿ ಮೇಲೆ ಹೋದ ಮೇಲೂ ಮೂವತ್ತು ದಿನ ತಿದ್ದುಪಡಿಗೆ ಪೋರ್ಟಲ್ ತೆರೆದಿರಬೇಕು. ಡ್ಯಾಂ ಗೇಟ್ ತೆಗೆಯುವ ಸುದ್ದಿ ಡಂಗುರದಲ್ಲೂ ಬರಬೇಕು, ಫೋನ್‌ನಲ್ಲಿ ಮಾತ್ರ ಸಾಲದು."

ಕಾಫಿ ತೋಟ

ಚೆನ್ನಾಗಿದೆ. "ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕ, ಅಳೆಯಲು ಏಳನೇ ತರಗತಿ ಮಕ್ಕಳು" ಅಂತಲೂ ಸೇರಿಸಿ. ಮಾಪಕ ಎಲ್ಲಿ ಇಡಬೇಕು, ಹೇಗೆ ಬರೆಯಬೇಕು ಅಂತ ನಾನು ಫೋನ್‌ನಲ್ಲಿ ಹೇಳಿಕೊಡುತ್ತೇನೆ.

ಕರೆ ತೆಗೆದವಳು

ಸರ್, ಒಂದು ಮಾತು. "ಬರೆದು ಕೊಡಬೇಕು" ಅಂತ ಇದೆ. ಆ ಅಜ್ಜಿಗೆ ಓದಲು ಬರುತ್ತಾ?

ಮಲಪ್ರಭಾ ದಂಡೆ

ಬರುವುದಿಲ್ಲ ತಾಯಿ. "ಬರೆದು ಕೊಟ್ಟು, ಓದಿ ಹೇಳಬೇಕು" ಅಂತ ಈಗಲೇ ತಿದ್ದಿದೆ. ಮನವಿಗೆ ಮೊದಲ ಹೆಬ್ಬೆಟ್ಟು ಅವರದ್ದೇ ಹಾಕಿಸುತ್ತೇನೆ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುತ್ತಿದ್ದೇನೆ.